ಶ್ರೀರಂಗಪಟ್ಟಣದ ವಜ್ರವೂ ಪತ್ತೇದಾರಿ ಕಾದಂಬರಿಯೂ

ಈ ಸ್ಮರಣಸಂಚಿಕೆಗೆ ಒಂದು ಸಂಶೋಧನಾತ್ಮಕ ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾವು ಸ್ವಲ್ಪ ಸಂಕೋಚಕ್ಕೆ ಒಳಗಾದೆವು. ಶಾಸನಗಳನ್ನು ಕುರಿತೋ ನಮ್ಮ ಹೊಸೂರು ಸೀಮೆಯ ಪಾಳೆಯಪಟ್ಟುಗಳನ್ನು ಕುರಿತೋ ಅಧಿಕಾರವಾಣಿಯಿಂದ ಬರೆಯಬಲ್ಲ ವಿದ್ವಾಂಸರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವಾದರೋ ಕಳೆದ ಎರಡು ವರ್ಷಗಳಿಂದ, ಶಾಲೆಯ ಕಾಗದಪತ್ರಗಳ ಗೊಡವೆ ತೀರಿದ ಮೇಲೆ, ರಾತ್ರಿಯ ಹೊತ್ತು ಓದುತ್ತಿರುವುದು ಪತ್ತೇದಾರಿ ಕಾದಂಬರಿಗಳನ್ನು. ಮುಖ್ಯೋಪಾಧ್ಯಾಯನಾದವನು ಇದನ್ನು ಅಚ್ಚಿನಲ್ಲಿ ಒಪ್ಪಿಕೊಳ್ಳಬಹುದೇ ಎಂದು ಹುಬ್ಬೇರಿಸುವವರು ಇದ್ದಾರು. ಆದರೆ ಈ ಓದಿನಲ್ಲಿ ನಮಗೆ ದೊರೆತ ಒಂದೆರಡು ಸಂಗತಿಗಳು ಚರಿತ್ರೆಯನ್ನು ಪಾಠ ಹೇಳುವವರಿಗೆ ಉಪಯುಕ್ತವಾಗಿವೆಯೆಂಬ ನಂಬಿಕೆಯಿಂದ ಧೈರ್ಯಮಾಡಿದ್ದೇವೆ.

ಈಚೆಗೆ ನಾವು ಓದಿ ಮೆಚ್ಚಿದವುಗಳಲ್ಲಿ ಮೊದಲನೆಯದು ವಿಲ್ಕೀ ಕಾಲಿನ್ಸನು 1868ರಲ್ಲಿ ಬರೆದ 'ದಿ ಮೂನ್‌ಸ್ಟೋನ್'. ಎರಡನೆಯದು ಜೋಸೆಫೀನ್ ಟೇ ಎಂಬಾಕೆಯ 1951ರ 'ದಿ ಡಾಟರ್ ಆಫ್ ಟೈಮ್'. ಇವಲ್ಲದೆ ಬಂಗಾಳದ ಶರದಿಂದು ಬಂದ್ಯೋಪಾಧ್ಯಾಯರ ವ್ಯೋಮಕೇಶ ಬಕ್ಷಿಯ ಕತೆಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದೆವು. ಷೆರ್ಲಾಕ್ ಹೋಮ್ಸನನ್ನು ಹೊಸದಾಗಿ ಮೆಚ್ಚುವುದೇನೂ ಇಲ್ಲ. ಆತನು ಹಳೆಯ ನೆಂಟ. ಇವುಗಳಲ್ಲಿ ಮೊದಲನೆಯ ಪುಸ್ತಕದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇವೆ. ಏಕೆಂದರೆ ಇಂಗ್ಲಿಷಿನ ಈ ಹೆಸರಾಂತ ಪತ್ತೇದಾರಿ ಕಾದಂಬರಿ ಆರಂಭವಾಗುವುದು ಲಂಡನ್ನಿನಲ್ಲಲ್ಲ, ಶ್ರೀರಂಗಪಟ್ಟಣದ ಕೋಟೆಯಲ್ಲಿ. ಆ ಕೋಟೆಯನ್ನು ಮುತ್ತಲು ಹೋದ ಸೈನ್ಯವು ನಡೆದುಹೋದದ್ದು ನಮ್ಮ ಮನೆಬಾಗಿಲ ದಾರಿಯಲ್ಲಿ.

ಆ ದಾರಿಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. 1799ರ ಫೆಬ್ರವರಿಯಲ್ಲಿ ಜನರಲ್ ಹ್ಯಾರಿಸನ ದಂಡು ವೆಲ್ಲೂರಿನಿಂದ ಹೊರಟಿತು. ಮಾರ್ಚ್ 5ರಂದು ರಾಯಕೋಟೆಯ ಕಡೆಯಿಂದ ಮೈಸೂರಿನ ಎಲ್ಲೆಯನ್ನು ದಾಟಿ, ಗಡಿಯ ಗುಡ್ಡದ ಕೋಟೆಗಳನ್ನು ಹಿಡಿದು, ಕೆಲಮಂಗಲದಲ್ಲಿ ಬೀಡುಬಿಟ್ಟಿತು. ನಿಜಾಮನ ಕಡೆಯ ಪಡೆಯೂ ಜೊತೆಯಲ್ಲಿತ್ತು. ಆ ಪಡೆಯ ಮೇಲ್ವಿಚಾರಣೆಯಲ್ಲಿದ್ದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದ ವೆಲ್ಲಿಂಗ್ಟನ್. ಕೆಲಮಂಗಲದಿಂದ ಆನೇಕಲ್ಲು, ಅಲ್ಲಿಂದ ಈಗ ಕನಕಪುರವೆನಿಸಿಕೊಂಡಿರುವ ಕಾನಕಾನಹಳ್ಳಿ, ಮುಂದೆ ಮಳವಳ್ಳಿ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾಳಗವಾಯಿತು. ಅನಂತರ ಸೋಸಲೆಯ ಹತ್ತಿರ ಕಾವೇರಿಯನ್ನು ದಾಟಿ ಏಪ್ರಿಲ್ ಮೊದಲ ವಾರದಲ್ಲಿ ಪಟ್ಟಣದ ಮುಂದೆ ಡೇರೆ ಹೊಡೆಯಿತು. ನಮ್ಮ ಕೆಲಮಂಗಲದ ಹುಡುಗರಿಗೆ ಈ ಮಾತನ್ನು ತರಗತಿಯಲ್ಲಿ ಹೇಳಿದರೆ ನಂಬುವುದಿಲ್ಲ. ಪಾಠಪುಸ್ತಕದಲ್ಲಿ ಬರುವ ಯುದ್ಧಗಳೆಲ್ಲ ಬೇರೆ ಯಾರದೋ ಊರಿನಲ್ಲಿ ಆದುವೆಂದೇ ಅವರ ತಿಳುವಳಿಕೆ.

ಮೇ 4ನೆಯ ತಾರೀಖು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಗುಂಡಿನೇಟಿನಿಂದ ಒಡೆದ ಗೋಡೆಯ ಕಡೆಗೆ ನದಿಯನ್ನು ದಾಟಿ ಪಡೆ ನುಗ್ಗಿತು. ಮುಂದೆ ನಿಂತವನು ಡೇವಿಡ್ ಬೇರ್ಡ್. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕಿ, ಇದೇ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಮಿಕ್ಕು ಬೇಡಿ ಹೊತ್ತವನು. ಸಂಜೆಯ ವೇಳೆಗೆ ಟಿಪ್ಪೂ ಸುಲ್ತಾನನ ದೇಹವು ಕೋಟೆಯ ಬಾಗಿಲೊಂದರ ಬಳಿ ಹೆಣಗಳ ರಾಶಿಯಲ್ಲಿ ಸಿಕ್ಕಿತು. ಆ ರಾತ್ರಿ ಊರು ಲೂಟಿಯಾಯಿತು. ಮನೆಗಳು ಉರಿದವು, ಅರಮನೆಯ ಭಂಡಾರಕ್ಕೆ ಸಿಪಾಯಿಗಳು ನುಗ್ಗಿದರು, ಒಡವೆಯ ಬೆಲೆ ತಿಳಿಯದ ಸೋಲ್ಜರುಗಳು ಕೈಗೆ ಬಂದುದನ್ನು ಬಂದಷ್ಟು ದುಡ್ಡಿಗೆ ಮಾರಿದರು. ಮರುದಿನ ಅಧಿಕಾರ ವಹಿಸಿಕೊಂಡ ವೆಲ್ಲೆಸ್ಲಿಯು ಕೆಲವರನ್ನು ಗಲ್ಲಿಗೇರಿಸಿ, ಕೆಲವರಿಗೆ ಛಡಿ ಏಟು ಹಾಕಿಸಿ ಲೂಟಿಯನ್ನು ನಿಲ್ಲಿಸಿದನು. ಅನಂತರ ನಡೆದದ್ದು ಲೆಕ್ಕಾಚಾರದ ಹಂಚಿಕೆ. ಸೇನಾಪತಿ ಹ್ಯಾರಿಸನ ಪಾಲಿಗೆ ಬಂದದ್ದು 1,40,000 ಪೌಂಡುಗಳಿಗೂ ಮೇಲೆ. ಸುಲ್ತಾನನ ಸಿಂಹಾಸನವನ್ನು ಹಂಚಿಕೆಯ ಅಧಿಕಾರಿಗಳು ಒಡೆದು ತುಂಡುಮಾಡಿದರು. ಇಡಿಯಾಗಿ ತಮ್ಮ ದೊರೆಗೆ ಕಳುಹಿಸಬೇಕೆಂದಿದ್ದ ಗವರ್ನರ್ ಜನರಲ್ಲನಿಗೇ ಇದರಿಂದ ಬೇಸರವಾಯಿತಂತೆ. ರಾತ್ರಿಯಲ್ಲಿ ಕದ್ದವನಿಗೆ ಗಲ್ಲು, ಹಗಲಿನಲ್ಲಿ ಹಂಚಿಕೊಂಡವನಿಗೆ ಪದವಿ: ಇದನ್ನು ಬರೆಯುವಾಗ ನಮ್ಮ ಲೇಖನಿ ಸ್ವಲ್ಪ ತಡೆಯುತ್ತದೆ.

ಕಾಲಿನ್ಸನ ಕಾದಂಬರಿ ಹಿಡಿದುಕೊಂಡಿರುವುದು ಈ ರಾತ್ರಿಯನ್ನೇ. ಸೋಮನಾಥದ ದೇವಾಲಯದಲ್ಲಿ ಚಂದ್ರದೇವನ ಹಣೆಯಲ್ಲಿದ್ದ ಒಂದು ಹಳದಿ ವಜ್ರವು ಘಜ್ನಿ ಮಹಮ್ಮದನ ಕೈಯಿಂದ ತಪ್ಪಿಸಿಕೊಂಡು ಕಾಶಿಗೆ ಬರುತ್ತದೆ. ಔರಂಗಜೇಬನ ಕಾಲದಲ್ಲಿ ಅಲ್ಲಿಂದಲೂ ಅಪಹೃತವಾಗಿ ಕೈಯಿಂದ ಕೈಗೆ ದಾಟಿ ಕೊನೆಗೆ ಟಿಪ್ಪುವಿನ ಆಯುಧಶಾಲೆಯ ಒಂದು ಕಠಾರಿಯ ಹಿಡಿಯನ್ನು ಸೇರುತ್ತದೆ. ಅದನ್ನು ಕಾಯಲು ಮೂವರು ಬ್ರಾಹ್ಮಣರು ತಲೆಮಾರಿನಿಂದ ತಲೆಮಾರಿಗೆ ವೇಷ ಮರೆಸಿಕೊಂಡು ಹಿಂಬಾಲಿಸುತ್ತಿರುತ್ತಾರೆ. ಮೇ 4ರ ರಾತ್ರಿ ಹರ್ನ್‌ಕಾಸಲ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಆ ಮೂವರನ್ನೂ ಕೊಂದು ವಜ್ರವನ್ನು ಕದಿಯುತ್ತಾನೆ. ಸಾಯುವವನು ಶಾಪ ಕೊಡುತ್ತಾನೆ. ಐವತ್ತು ವರ್ಷಗಳ ಮೇಲೆ, ಯಾರ್ಕ್‌ಷೈರಿನ ಒಂದು ಶ್ರೀಮಂತ ಮನೆಯಲ್ಲಿ, ಹದಿನೆಂಟನೆಯ ಹುಟ್ಟುಹಬ್ಬದ ದಿನ ರೇಚಲ್ ಎಂಬ ಕನ್ಯೆಗೆ ಆ ವಜ್ರವು ಸೋದರಮಾವನ ಉಯಿಲಿನಂತೆ ಬರುತ್ತದೆ. ಅದೇ ರಾತ್ರಿ ಕಾಣೆಯಾಗುತ್ತದೆ. ಕದ್ದವರು ಯಾರು ಎಂಬುದನ್ನು ನಾವು ಹೇಳುವುದಿಲ್ಲ. ಓದದೆ ಇರುವ ಉಪಾಧ್ಯಾಯ ಮಿತ್ರರ ಶಾಪವೂ ನಮಗೆ ತಟ್ಟಬಾರದಷ್ಟೆ.

ಹೆಸರಿನ ಬಗ್ಗೆ ಒಂದು ಮಾತು. ಮೂನ್‌ಸ್ಟೋನ್ ಎಂದರೆ ನಮ್ಮ ಕವಿಗಳ ಚಂದ್ರಕಾಂತಶಿಲೆ, ಬೆಳುದಿಂಗಳು ಸೋಕಿದರೆ ಒಸರುವುದೆಂದು ವರ್ಣಿತವಾದದ್ದು. ಕಾಲಿನ್ಸನದು ಅದಲ್ಲ. ಚಂದ್ರನ ವೃದ್ಧಿಕ್ಷಯಗಳೊಂದಿಗೆ ತನ್ನ ಹೊಳಪೂ ಹೆಚ್ಚುಕಡಿಮೆಯಾಗುತ್ತದೆಂಬ ನಂಬಿಕೆಗೆ ಪಾತ್ರವಾದ ವಜ್ರ ಅದು. ಕನ್ನಡಕ್ಕೆ ತರುವವರು ಈ ಭೇದವನ್ನು ಮರೆಯಬಾರದು.

ಇದರಲ್ಲಿ ಚರಿತ್ರೆ ಎಷ್ಟು, ಕಲ್ಪನೆ ಎಷ್ಟು? ಮುತ್ತಿಗೆ, ಬೇರ್ಡ್, ಲೂಟಿ, ಲೂಟಿಯನ್ನು ತಡೆಯಲು ಹೊರಡಿಸಿದ ಗಲ್ಲಿನ ಆಜ್ಞೆ, ಇವು ಚರಿತ್ರೆ. ಸೋಮನಾಥದ ವಜ್ರವೂ ಕಠಾರಿಯೂ ಮೂವರು ಕಾವಲಿನವರೂ ಕಲ್ಪನೆ. ಆದರೆ ಆ ಕಲ್ಪನೆಗೂ ಬೇರುಂಟು. ಪುಸ್ತಕದ ಮುನ್ನುಡಿಯಲ್ಲಿ ಗ್ರಂಥಕರ್ತನು ಎರಡು ವಜ್ರಗಳನ್ನು ತಾನೇ ಹೆಸರಿಸಿದ್ದಾನೆ. ಒಂದು, ರಷ್ಯದ ಚಕ್ರವರ್ತಿಯ ರಾಜದಂಡದ ತುದಿಯಲ್ಲಿದ್ದು ಹಿಂದೆ ಭಾರತದ ಯಾವುದೋ ದೇವರ ಕಣ್ಣಾಗಿತ್ತೆಂದು ಹೇಳಲಾಗುವ ವಜ್ರ. ಇನ್ನೊಂದು ಕೊಹಿನೂರು. 1849ರಲ್ಲಿ ಪಂಜಾಬನ್ನು ಕಂಪೆನಿಯವರು ತೆಗೆದುಕೊಂಡಾಗ ಬಾಲಕ ದುಲೀಪ ಸಿಂಹನಿಂದ ಅದು ವಿಕ್ಟೋರಿಯಾ ರಾಣಿಗೆ ಹೋಯಿತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಜನರು ಸಾಲುನಿಂತು ನೋಡಿದರು. ಕಾಲಿನ್ಸನ ಓದುಗರಲ್ಲಿ ಅನೇಕರು ಆ ಸಾಲಿನಲ್ಲಿ ನಿಂತವರೇ ಆಗಿರಬೇಕು. ಅವರಿಗೆ ಈ ಕತೆ ದೂರದ ದೇಶದ ಅದ್ಭುತ ಕತೆಯಾಗಿ ಉಳಿಯುವಂತಿರಲಿಲ್ಲ.

ಕಾಲಿನ್ಸನು ಭಾರತವನ್ನು ಕಣ್ಣಿನಿಂದ ಕಂಡವನಲ್ಲ. ಚಂದ್ರದೇವನ ವಜ್ರಕ್ಕೆ ವಿಷ್ಣು ಕನಸಿನಲ್ಲಿ ಬಂದು ಕಾವಲು ನೇಮಿಸುವುದು ಮುಂತಾದ ಕಲಬೆರಕೆ ನಮ್ಮವರಿಗೆ ನಗೆ ತರಿಸಬಹುದು. ಆದರೂ ಆತನು ಕಾಲವನ್ನು ಮೀರಿದ ಒಂದು ಕೆಲಸವನ್ನು ಮಾಡಿದನು. ಸಿಪಾಯಿಗಳ ದಂಗೆಯೆಂದು ಆಗಿನವರು ಕರೆದ 1857ರ ಹೋರಾಟ ನಡೆದು ಆಗ ಹನ್ನೊಂದೇ ವರ್ಷವಾಗಿತ್ತು. ಆತನ ಆಪ್ತಮಿತ್ರ ಚಾರ್ಲ್ಸ್ ಡಿಕನ್ಸನು ಆ ಸಮಯದಲ್ಲಿ ಭಾರತೀಯರ ಮೇಲೆ ಎಷ್ಟು ಕ್ರುದ್ಧನಾಗಿದ್ದನೆಂಬುದು ಆತನ ಪತ್ರಗಳಿಂದ ತಿಳಿಯುತ್ತದೆ. ಕಾಲಿನ್ಸನಾದರೋ 1858ರಲ್ಲೇ ಡಿಕನ್ಸನ ಪತ್ರಿಕೆಯಲ್ಲಿ, ಸಿಪಾಯಿಗಳಿಗೆ ಉಪದೇಶ ಮಾಡಬೇಕಾದರೆ ಅವರದೇ ನಾಡಿನ ನೀತಿಕತೆಗಳು ಸಾಕೆಂಬ ಅರ್ಥದ ಪ್ರಬಂಧವನ್ನು ಬರೆದನು. ಹತ್ತು ವರ್ಷದ ಮೇಲೆ, ಅದೇ ಡಿಕನ್ಸನು ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಜನವರಿಯಿಂದ ಆಗಸ್ಟಿನವರೆಗೆ ಬಂದ ಈ ಕಾದಂಬರಿಯಲ್ಲಿ ಮೊದಲ ಕಳ್ಳನು ಇಂಗ್ಲಿಷ್ ಸೇನಾಧಿಕಾರಿ. ತಮ್ಮ ಸೊತ್ತನ್ನು ಹುಡುಕಿಕೊಂಡು ಜಾತಿಯನ್ನು ಕಳೆದುಕೊಳ್ಳಲೂ ಸಿದ್ಧರಾಗಿ ಸಮುದ್ರವನ್ನು ದಾಟಿಬಂದವರು ನಮ್ಮವರು. ಕಡೆಯ ಪುಟಗಳಲ್ಲಿ ವಜ್ರವು ಪುನಃ ಸೋಮನಾಥದ ದೇವರ ಹಣೆಯಲ್ಲಿ ಹೊಳೆಯುತ್ತದೆ. ಲೂಟಿಯ ಮಾಲು ಲೂಟಿಯಾದವರಿಗೆ ಹಿಂದಿರುಗುವುದನ್ನು ಆ ಕಾಲದ ಇಂಗ್ಲಿಷ್ ಕಾದಂಬರಿಯೊಂದರಲ್ಲಿ ನೋಡಿ ನಮಗೆ ಆಶ್ಚರ್ಯವಾಯಿತು. ಇದನ್ನು ಬರೆಯುತ್ತಿದ್ದಾಗ ಆತನು ಸಂಧಿವಾತದಿಂದ ನರಳುತ್ತಿದ್ದನು, ನೋವಿಗೆ ಅಫೀಮಿನ ದ್ರಾವಣ ಕುಡಿಯುತ್ತಿದ್ದನು. ನಡುವೆ ತಾಯಿ ತೀರಿಕೊಂಡಳು. ಕೆಲವು ಭಾಗಗಳನ್ನು ಹಾಸಿಗೆಯಲ್ಲಿ ಮಲಗಿಯೇ ಹೇಳಿ ಬರೆಸಿದನು. ಕತೆಯಲ್ಲಿ ಅಫೀಮು ಬರುವ ಕಡೆ ಆತನ ಬರವಣಿಗೆಗೆ ಬೇರೆಯೇ ಒಂದು ನೈಜತೆ ಇರುವುದಕ್ಕೆ ಇದು ಕಾರಣವಿರಬಹುದು.

ಈ ಕಾದಂಬರಿಗೆ ಇನ್ನೊಂದು ತಾಯಿಬೇರು ಉಂಟು. ಅದು ಇಂಗ್ಲೆಂಡಿನದೇ. 1860ರ ಜೂನ್ ತಿಂಗಳ ಕೊನೆಯ ರಾತ್ರಿ ವಿಲ್ಟ್‌ಷೈರಿನ ರೋಡ್ ಎಂಬ ಹಳ್ಳಿಯ ದೊಡ್ಡ ಮನೆಯೊಂದರಿಂದ, ಇನ್ನೂ ನಾಲ್ಕು ವರ್ಷ ತುಂಬದ ಒಂದು ಗಂಡುಮಗು ಕಾಣೆಯಾಯಿತು. ಬೆಳಿಗ್ಗೆ ಹೊರಗಿನ ಕಕ್ಕಸಿನಲ್ಲಿ ಕೊರಳು ಕೊಯ್ದ ಸ್ಥಿತಿಯಲ್ಲಿ ಸಿಕ್ಕಿತು. ಸ್ಥಳೀಯ ಪೊಲೀಸರು ಎರಡು ವಾರ ತಡಕಾಡಿದರು. ಕೊನೆಗೆ ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡಿನಿಂದ ಇನ್ಸ್‌ಪೆಕ್ಟರ್ ಜೊನಾಥನ್ ವಿಚರ್ ಬಂದನು. ಲಂಡನ್ನಿನ ಪತ್ತೇದಾರಿ ಶಾಖೆ 1842ರಲ್ಲಿ ಕೇವಲ ಎಂಟು ಮಂದಿಯಿಂದ ಆರಂಭವಾದದ್ದು. ವಿಚರನು ಅದರ ಹಳೆಯ ಹುಲಿ, ತೋಟಗಾರನೊಬ್ಬನ ಮಗ. ಆತನು ಮನೆಯ ಅಗಸರ ಲೆಕ್ಕದ ಪಟ್ಟಿಯನ್ನು ತರಿಸಿ ನೋಡಿದನು. ಮಗುವಿನ ಮಲಅಕ್ಕ, ಹದಿನಾರು ವರ್ಷದ ಕಾನ್‌ಸ್ಟನ್ಸ್ ಕೆಂಟಳ ರಾತ್ರಿಯಂಗಿಗಳಲ್ಲಿ ಒಂದು ಕಡಿಮೆಯಾಗಿತ್ತು. ಈ ಒಂದು ಸುಳುಹಿನ ಮೇಲೆ ಆಕೆಯನ್ನು ಬಂಧಿಸಿದನು.

ನಾಡೆಲ್ಲ ಆತನ ಮೇಲೆ ತಿರುಗಿಬಿತ್ತು. ಕೂಲಿಯ ಮಗನಾದ ಪೊಲೀಸಿನವನು ಮರ್ಯಾದಸ್ಥರ ಮನೆಯ ಹೆಣ್ಣುಮಗಳ ಬಟ್ಟೆಯ ಲೆಕ್ಕ ಕೇಳುವುದೆಂದರೇನು! ಸಾಕ್ಷ್ಯ ಸಾಲದೆಂದು ಕಾನ್‌ಸ್ಟನ್ಸ್ ಬಿಡುಗಡೆಯಾದಳು. ವಿಚರನು ಹೆಸರು ಕೆಟ್ಟು, ಆರೋಗ್ಯ ಕೆಟ್ಟು, 1864ರಲ್ಲಿ ನೌಕರಿಯಿಂದ ನಿವೃತ್ತನಾದನು. ಮರುವರ್ಷ, 1865ರ ಏಪ್ರಿಲಿನಲ್ಲಿ, ಕಾನ್‌ಸ್ಟನ್ಸ್ ತಾನಾಗಿಯೇ ಲಂಡನ್ನಿನ ನ್ಯಾಯಾಲಯಕ್ಕೆ ಬಂದು ಕೊಂದವಳು ತಾನೇ ಎಂದು ಒಪ್ಪಿಕೊಂಡಳು. ಮರಣದಂಡನೆ ಜೀವಾವಧಿ ಶಿಕ್ಷೆಗೆ ಇಳಿಯಿತು. ಇಪ್ಪತ್ತು ವರ್ಷ ಸೆರೆಮನೆಯಲ್ಲಿದ್ದು, ಹೊರಬಂದು, ಆಸ್ಟ್ರೇಲಿಯಕ್ಕೆ ಹೋಗಿ, ಹೆಸರು ಬದಲಿಸಿಕೊಂಡು ದಾದಿಯಾಗಿ ರೋಗಿಗಳ ಸೇವೆ ಮಾಡಿ, 1944ರಲ್ಲಿ ನೂರು ವರ್ಷದ ಮುದುಕಿಯಾಗಿ ತೀರಿಕೊಂಡಳು. ಆಕೆಯ ತಪ್ಪೊಪ್ಪಿಗೆ ಪೂರ್ತಿ ನಿಜವೇ, ಇನ್ನಾರನ್ನಾದರೂ ಕಾಪಾಡಲು ಆಡಿದ ಮಾತೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಕೇಟ್ ಸಮ್ಮರ್‌ಸ್ಕೇಲ್ ಎಂಬ ಲೇಖಕಿ 2008ರಲ್ಲಿ ಈ ಪ್ರಕರಣದ ಮೇಲೆ ಬರೆದ ಗ್ರಂಥ ಕಾದಂಬರಿಗಿಂತ ಹೆಚ್ಚು ಓದಿಸಿಕೊಳ್ಳುತ್ತದೆ.

ಮೂನ್‌ಸ್ಟೋನಿನಲ್ಲಿ ಈ ಪ್ರಕರಣದ ಮೂಳೆಗಳೆಲ್ಲ ಇವೆ: ಹಳ್ಳಿಯ ದೊಡ್ಡ ಮನೆ, ಕಾಣೆಯಾದ ರಾತ್ರಿಯಂಗಿ, ಅಗಸರ ಪಟ್ಟಿ, ದಡ್ಡ ಸ್ಥಳೀಯ ಅಧಿಕಾರಿ, ಲಂಡನ್ನಿನಿಂದ ಬರುವ ಚತುರ. ಕೊಲೆಯ ಬದಲು ವಜ್ರ, ರಕ್ತದ ಬದಲು ಬಣ್ಣದ ಕಲೆ. ವಿಚರನ ಸ್ಥಾನದಲ್ಲಿ ನಿಂತವನು ಸಾರ್ಜೆಂಟ್ ಕಫ್. ಬಡಕಲು ಮೈಯ, ನರೆತ ತಲೆಯ, ಕಳ್ಳರಿಗಿಂತ ಗುಲಾಬಿ ಗಿಡಗಳ ಮೇಲೆ ಹೆಚ್ಚು ಪ್ರೀತಿಯುಳ್ಳ ಮನುಷ್ಯ. ಗುಲಾಬಿಯ ತೋಟಗಳಿಗೆ ಹೆಸರಾದ ನಮ್ಮ ಹೊಸೂರಿನವರಿಗೆ ಆತನ ಮೇಲೆ ಒಂದು ವಿಶೇಷ ಮಮತೆ ಹುಟ್ಟಿದರೆ ತಪ್ಪಿಲ್ಲ. ವಿಚಿತ್ರವೇನೆಂದರೆ, ನಿಜ ಜೀವನದಲ್ಲಿ ಪತ್ತೇದಾರನ ಊಹೆ ಸರಿಯಿತ್ತು, ಜನ ನಂಬಲಿಲ್ಲ. ಕಾದಂಬರಿಯಲ್ಲಿ ಎಲ್ಲರೂ ಗೌರವಿಸುವ ಪತ್ತೇದಾರನೇ ಮುಖ್ಯ ಊಹೆಯಲ್ಲಿ ಎಡವುತ್ತಾನೆ. ಮುಂದಿನ ಕಾಲದ ಸರ್ವಜ್ಞ ಪತ್ತೇದಾರರಿಗಿಂತ ಈ ಕಫ್ ನಮಗೆ ಹಿಡಿಸುವುದು ಇದಕ್ಕಾಗಿಯೇ.

ಆ ಮನೆಯಲ್ಲಿ ರೋಸಾನಾ ಎಂಬ ಸೇವಕಿಯೊಬ್ಬಳಿದ್ದಾಳೆ. ಹಿಂದೊಮ್ಮೆ ಕಳವು ಮಾಡಿ ಸಿಕ್ಕಿಬಿದ್ದು, ಸುಧಾರಣಾಲಯದಿಂದ ಬಂದವಳು. ವಜ್ರ ಕಾಣೆಯಾದ ಕೂಡಲೆ ಅನುಮಾನದ ಕಣ್ಣುಗಳೆಲ್ಲ ಅವಳ ಕಡೆಗೆ ತಿರುಗುವುವು. ಈ ಭಾಗವನ್ನು ಓದುವಾಗ ನಾವು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಅದಕ್ಕೆ ಕಾರಣವನ್ನು ಹೇಳಿಬಿಡುವುದೇ ಲೇಸು. ಕೆಲವು ವರ್ಷಗಳ ಹಿಂದೆ ನಾವು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ, ಮಕ್ಕಳಿಂದ ಸಂಗ್ರಹಿಸಿದ್ದ ಪರೀಕ್ಷಾಶುಲ್ಕದ ಹಣ ನಮ್ಮ ಮೇಜಿನ ಖಾನೆಯಿಂದ ಕಾಣೆಯಾಯಿತು. ಆ ದಿನ ಕೋಣೆಗೆ ಬಂದುಹೋದವರಲ್ಲಿ ಒಬ್ಬ ಹುಡುಗನಿದ್ದನು. ಹೂವಿನ ತೋಟದಲ್ಲಿ ಕೂಲಿಮಾಡುವವರ ಮಗ. ಹಿಂದಿನ ವರ್ಷ ಯಾರದೋ ಜ್ಯಾಮಿಟ್ರಿ ಪೆಟ್ಟಿಗೆಯನ್ನು ತೆಗೆದುಕೊಂಡು ಸಿಕ್ಕಿಬಿದ್ದಿದ್ದನು. ನಾವು ಅವನನ್ನು ಕರೆಸಿ, ಇಬ್ಬರು ಉಪಾಧ್ಯಾಯರ ಎದುರಿಗೆ ಕೇಳಿದೆವು. ಹೊಡೆಯಲಿಲ್ಲ, ಬೈಯಲಿಲ್ಲ, ಕೇಳಿದೆವು ಅಷ್ಟೆ. "ಇಲ್ಲ ಸಾರ್" ಎಂದನು. ಇನ್ನೊಮ್ಮೆ ಕೇಳಿದೆವು. ಮಾತನಾಡದೆ ನಿಂತನು. ಆ ಮೌನವನ್ನೇ ನಾವು ಒಪ್ಪಿಗೆಯೆಂದು ಎಣಿಸಿದೆವು. ಮುಂದಿನ ಸೋಮವಾರದಿಂದ ಅವನು ಶಾಲೆಗೆ ಬರಲಿಲ್ಲ. ಹಣವನ್ನು ನಾವು ಕೈಯಿಂದ ಕಟ್ಟಿದೆವು. ಸುಮಾರು ಮೂರು ತಿಂಗಳ ಮೇಲೆ ತನಿಖೆಗೆಂದು ಹಳೆಯ ದಾಸ್ತಾನು ಪುಸ್ತಕವನ್ನು ತೆಗೆದಾಗ ಅದರ ಹಾಳೆಗಳ ನಡುವೆ ಹಣದ ಲಕೋಟೆ ಇತ್ತು. ಮೇಲೆ ನಮ್ಮದೇ ಕೈಬರಹದ ಲೆಕ್ಕ. ಖಾನೆಗೆ ಬೀಗವಿಲ್ಲವೆಂದು ನಾವೇ ತೆಗೆದು ಅಲ್ಲಿಟ್ಟಿದ್ದೆವು, ಇಟ್ಟದ್ದನ್ನು ಮರೆತಿದ್ದೆವು. ಹುಡುಗನ ಮನೆ ಹುಡುಕಿಕೊಂಡು ಹೋದೆವು. ಆ ಸಂಸಾರ ಬೆಂಗಳೂರಿನ ಕಡೆಗೆ ಕಟ್ಟಡದ ಕೆಲಸಕ್ಕೆ ಹೊರಟುಹೋಗಿತ್ತು. ಎಲ್ಲಿಗೆಂದು ನೆರೆಯವರಿಗೆ ತಿಳಿಯದು. ಈ ಕಾದಂಬರಿಯನ್ನು ಕೊನೆಯವರೆಗೆ ಓದಿದವರಿಗೆ, ಆ ಲಕೋಟೆಯ ನೆನಪು ನಮಗೆ ಏಕೆ ಇಷ್ಟು ಚುಚ್ಚಿತೆಂಬುದು ಬೇರೆ ಹೇಳದೆ ತಿಳಿಯುತ್ತದೆ.

ವಿಷಯಕ್ಕೆ ಬರೋಣ. ಕಾಲಿನ್ಸನು ಕತೆಯನ್ನು ತಾನು ಹೇಳುವುದಿಲ್ಲ; ಸಾಕ್ಷಿಗಳಿಂದ ಹೇಳಿಸುತ್ತಾನೆ. ಮನೆಯ ಹಳೆಯ ಕಾರುಬಾರಿಯೊಬ್ಬ, ಅತಿಭಕ್ತಿಯ ಬಡ ಬಂಧು ಹೆಂಗಸೊಬ್ಬಳು, ವಕೀಲ, ಮನೆಯ ನೆಂಟ, ವೈದ್ಯನ ಸಹಾಯಕ, ಹೀಗೆ ಒಬ್ಬೊಬ್ಬರೂ ತಾವು ಕಂಡಷ್ಟನ್ನು, ತಮಗೆ ತಿಳಿದಷ್ಟರ ಗಡಿಯಲ್ಲಿ ನಿಂತು ಬರೆದುಕೊಡಬೇಕೆಂಬ ಕಟ್ಟಳೆ. ಕಾರುಬಾರಿಗೆ 'ರಾಬಿನ್‌ಸನ್ ಕ್ರೂಸೋ'ನೇ ಭಗವದ್ಗೀತೆ. ಸಂದೇಹ ಬಂದಾಗಲೆಲ್ಲ ಅದನ್ನು ತೆರೆದು ಅಪ್ಪಣೆ ಕೇಳುತ್ತಾನೆ. ಭಕ್ತಿಯ ಹೆಂಗಸು ಇತರರ ದೋಷವನ್ನು ಬರೆಯುತ್ತ ತನ್ನ ದೋಷವನ್ನು ತಾನರಿಯದೆ ಬಯಲುಮಾಡಿಕೊಳ್ಳುತ್ತಾಳೆ. ಒಬ್ಬರೂ ಸುಳ್ಳು ಹೇಳುವುದಿಲ್ಲ, ಒಬ್ಬರೂ ಪೂರ್ಣಸತ್ಯವನ್ನೂ ಹೇಳುವುದಿಲ್ಲ. ಚರಿತ್ರೆಯ ಆಕರಗಳನ್ನು ಕುರಿತು ನಮಗೆ ಬಿ.ಎಡ್. ತರಗತಿಯಲ್ಲಿ ಹೇಳಿಕೊಟ್ಟ ಪಾಠಕ್ಕಿಂತ ಇದು ಹೆಚ್ಚು ಸ್ಪಷ್ಟವಾಗಿದೆ.

ಜೋಸೆಫೀನ್ ಟೇಯ ಕಾದಂಬರಿ ಈ ಪಾಠವನ್ನು ನೇರವಾಗಿಯೇ ಹೇಳುತ್ತದೆ. ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿರುವ ಗ್ರಾಂಟ್ ಎಂಬ ಪೊಲೀಸ್ ಅಧಿಕಾರಿಗೆ ಹೊತ್ತುಹೋಗದೆ, ಮೂರನೆಯ ರಿಚರ್ಡ್ ದೊರೆಯ ಒಂದು ಚಿತ್ರಪಟವನ್ನು ನೋಡುತ್ತಾನೆ. ಅಣ್ಣನ ಎಳೆಯ ಮಕ್ಕಳನ್ನು ಲಂಡನ್ ಗೋಪುರದಲ್ಲಿ ಕೊಲ್ಲಿಸಿದವನೆಂದು ಷೇಕ್ಸ್‌ಪಿಯರನಿಂದ ಹಿಡಿದು ಪಾಠಪುಸ್ತಕಗಳವರೆಗೆ ಎಲ್ಲರೂ ಶಪಿಸಿರುವ ದೊರೆ. ಈ ಮುಖ ಕೊಲೆಗಾರನದಲ್ಲ ಎಂದು ಗ್ರಾಂಟನಿಗೆ ತೋರಿ, ಮಲಗಿದಲ್ಲಿಂದಲೇ ತನಿಖೆ ಆರಂಭಿಸುತ್ತಾನೆ. ಎಲ್ಲರೂ ಪ್ರಮಾಣವೆಂದು ಹಿಡಿದದ್ದು ಥಾಮಸ್ ಮೋರನ ಗ್ರಂಥವನ್ನು. ರಿಚರ್ಡನು 1483ರಲ್ಲಿ ಪಟ್ಟಕ್ಕೆ ಬಂದಾಗ ಮೋರನು ಐದು ವರ್ಷದ ಹುಡುಗ! ಹಾಗಾದರೆ ಆತನಿಗೆ ಹೇಳಿದವರಾರು, ಹೇಳಿದವರಿಗೆ ಅದರಿಂದ ಲಾಭವೇನು ಎಂದು ಪ್ರಶ್ನೆಗಳು ಬೆಳೆಯುತ್ತವೆ. ಟೇಯ ತೀರ್ಪನ್ನು ಚರಿತ್ರಕಾರರೆಲ್ಲ ಒಪ್ಪಿಲ್ಲ. ನಾವೂ ಪೂರ್ತಿ ಒಪ್ಪುವುದಿಲ್ಲ. ಮುಖ ನೋಡಿ ಗುಣ ಹೇಳುವ ಪೊಲೀಸರ ವಿದ್ಯೆಯಲ್ಲಿ ನಮಗೆ, ಮೇಲೆ ಹೇಳಿದ ಕಾರಣದಿಂದ, ನಂಬಿಕೆ ಹೋಗಿದೆ. ಆದರೆ ಆಕೆ ಹಾಕಿದ ಪ್ರಶ್ನೆಗಳು ಸಾಯುವಂಥವಲ್ಲ. 2012ರಲ್ಲಿ ಲೆಸ್ಟರ್ ನಗರದಲ್ಲಿ ಕಾರುಗಳನ್ನು ನಿಲ್ಲಿಸುವ ಬಯಲಿನ ಕೆಳಗೆ ರಿಚರ್ಡನ ಅಸ್ಥಿಪಂಜರವೇ ಸಿಕ್ಕಿತು. ಬೆನ್ನುಮೂಳೆ ಡೊಂಕಾಗಿದ್ದುದು ನಿಜವೆಂದು ಅದರಿಂದ ಖಚಿತವಾಯಿತು. ಮಕ್ಕಳನ್ನು ಕೊಂದವರಾರೆಂಬುದನ್ನು ಮೂಳೆಗಳು ಹೇಳಲಿಲ್ಲ.

ಈ ಪುಸ್ತಕವನ್ನು ಓದಿದ ಮೇಲೆ ನಾವು ಹತ್ತನೆಯ ತರಗತಿಯಲ್ಲಿ ಒಂದು ಪ್ರಯೋಗ ಮಾಡಿದೆವು. ಶ್ರೀರಂಗಪಟ್ಟಣದ ಪತನವೆಂದ ಕೂಡಲೆ ಮೀರ್ ಸಾದಿಕನ ದ್ರೋಹವನ್ನು ನಾವೆಲ್ಲ ಹೇಳುತ್ತೇವೆ. ಇದನ್ನು ಮೊದಲು ಬರೆದವರು ಯಾರು, ಎಂದು, ಯಾರ ಆಶ್ರಯದಲ್ಲಿದ್ದು ಎಂದು ಮಕ್ಕಳನ್ನೇ ಕೇಳಿದೆವು. ಕಿರ್ಮಾನಿಯು 1802ರಲ್ಲಿ ಮುಗಿಸಿದ ಪಾರಸಿ ಗ್ರಂಥದಲ್ಲಿ ಈ ದ್ರೋಹದ ಮಾತು ಇದೆ. ಆಗ ಪಟ್ಟಣ ಬಿದ್ದು ಮೂರು ವರ್ಷವಾಗಿತ್ತು. ಹಾಗೆಂದು ಅದು ಸುಳ್ಳೆಂದಾಗಲಿಲ್ಲ. ಸಾಕ್ಷಿಯನ್ನು ಕಟಕಟೆಗೆ ಕರೆಯದೆ ತೀರ್ಪು ಹೇಳುವುದು ಸರಿಯೇ ಎಂಬಷ್ಟೇ ನಮ್ಮ ಪ್ರಶ್ನೆ. ಮಕ್ಕಳು ಅಂದು ಗಂಟೆ ಹೊಡೆದರೂ ಏಳಲಿಲ್ಲ.

ಕಾನನ್ ಡಾಯಲನ ವಿಷಯದಲ್ಲಿ ಚಿಕ್ಕ ತಕರಾರು ನಮ್ಮದು. 1892ರಲ್ಲಿ ಪ್ರಕಟವಾದ ಮಚ್ಚೆಯ ಪಟ್ಟಿಯ ಕತೆಯನ್ನು ಓದದವರು ಕಡಿಮೆ. ಅದರಲ್ಲಿ ಕಲ್ಕತ್ತೆಯಿಂದ ಹಿಂದಿರುಗಿದ ವೈದ್ಯನೊಬ್ಬನು ಭಾರತದ ಹಾವೊಂದನ್ನು ಹಾಲೆರೆದು ಸಾಕಿ, ಸಿಳ್ಳು ಹಾಕಿ ಕರೆಯುತ್ತಾನೆ. ಹಾವಿಗೆ ಹಾಲು ಆಹಾರವಲ್ಲ, ಗಾಳಿಯಲ್ಲಿ ಬರುವ ಸಿಳ್ಳು ಅದಕ್ಕೆ ಅಷ್ಟಾಗಿ ಕೇಳಿಸುವುದೂ ಇಲ್ಲವೆಂದು ನಮ್ಮ ವಿಜ್ಞಾನದ ಉಪಾಧ್ಯಾಯರು ಹೇಳುತ್ತಾರೆ. ಸಾಲದುದಕ್ಕೆ ಆತನ ತೋಟದಲ್ಲಿ ಭಾರತದಿಂದ ತರಿಸಿದ ಬಬೂನ್ ಕೋತಿ ಬೇರೆ. ಬಬೂನ್ ಇರುವುದು ಆಫ್ರಿಕದಲ್ಲಿ ಮತ್ತು ಅರಬಸ್ಥಾನದಲ್ಲಿ. ಹೋಮ್ಸನಂಥ ಸೂಕ್ಷ್ಮದೃಷ್ಟಿಯವನಿಗೆ ಇದು ಕಾಣದೆ ಹೋದದ್ದು ಹೇಗೋ! ಅಂದಿನ ಇಂಗ್ಲಿಷ್ ಕತೆಗಾರರಿಗೆ ಭಾರತವೆಂದರೆ ವಿಷ, ಹಾವು, ಶಾಪ, ರತ್ನ. ಅದೇ ದಶಕದಲ್ಲಿ, 1897ರಲ್ಲಿ, ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಬೆರಳಚ್ಚುಗಳನ್ನು ವರ್ಗೀಕರಿಸುವ ಕ್ರಮವನ್ನು ಅಲ್ಲಿ ಸಿದ್ಧಪಡಿಸುವುದರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೊಲೀಸ್ ಅಧಿಕಾರಿಗಳ ಪರಿಶ್ರಮವಿತ್ತು. ಹೆಸರು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು. ಸ್ಕಾಟ್‌ಲೆಂಡ್ ಯಾರ್ಡು ಆ ಕ್ರಮವನ್ನು ತನ್ನದಾಗಿಸಿಕೊಂಡದ್ದು 1901ರಲ್ಲಿ. ಹೀಗಿರುವಾಗ ಶರದಿಂದುಬಾಬುಗಳ ವ್ಯೋಮಕೇಶನು 1930ರ ದಶಕದಲ್ಲಿ ಧೋತಿ ಉಟ್ಟು ಕಲ್ಕತ್ತೆಯ ಬೀದಿಯಲ್ಲಿ ನಡೆದುಬಂದದ್ದು ಒಂದು ತೀರಿಸಬೇಕಾದ ಸಾಲವನ್ನು ತೀರಿಸಿದಂತೆಯೇ ಆಯಿತು. ಡಿಟೆಕ್ಟಿವ್ ಎಂಬ ಮಾತು ಆತನಿಗೆ ಹಿಡಿಸದು. ತನ್ನನ್ನು 'ಸತ್ಯಾನ್ವೇಷಿ' ಎಂದು ಕರೆದುಕೊಳ್ಳುತ್ತಾನೆ.

ಕನ್ನಡದಲ್ಲಿ ಈ ಬಗೆಯ ಓದನ್ನು ಮನೆಮನೆಗೆ ಮುಟ್ಟಿಸಿದವರು ಎನ್. ನರಸಿಂಹಯ್ಯನವರು. ನಾಲ್ಕನೆಯ ತರಗತಿಗಿಂತ ಹೆಚ್ಚು ಓದದ ಈ ಮಹನೀಯರು 1952ರಲ್ಲಿ 'ಪತ್ತೇದಾರ ಪುರುಷೋತ್ತಮ'ನಿಂದ ಆರಂಭಿಸಿ, 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಬರೆದ ಪುಸ್ತಕಗಳ ಸಂಖ್ಯೆ ಐನೂರನ್ನು ಮೀರಿತ್ತೆಂದು ಹೇಳುತ್ತಾರೆ. ನಮ್ಮ ಬಾಲ್ಯದಲ್ಲಿ ಸಂತೆಬೀದಿಯ ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು, ಭೂಗೋಳದ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದೆವು. ಉಪಾಧ್ಯಾಯರ ಕೈಗೆ ಸಿಕ್ಕಿಬಿದ್ದು ಕಿವಿ ಹಿಂಡಿಸಿಕೊಂಡದ್ದೂ ಉಂಟು. ವಿಮರ್ಶಕರು ಆ ಪುಸ್ತಕಗಳ ಕಡೆ ಹೊರಳಿ ನೋಡಲಿಲ್ಲ. ನಮ್ಮ ಗಡಿಯ ಊರುಗಳಲ್ಲಿ, ಕನ್ನಡ ಶಾಲೆಯೇ ಇಲ್ಲದ ಕಡೆ, ಎಷ್ಟು ಮಂದಿ ಹುಡುಗರು ಆ ಅಗ್ಗದ ಕಾಗದದ ಪುಸ್ತಕಗಳಿಂದ ಕನ್ನಡ ಓದುವುದನ್ನು ರೂಢಿಮಾಡಿಕೊಂಡರೆಂಬುದನ್ನು ಯಾರೂ ಲೆಕ್ಕ ಹಾಕಿಲ್ಲ. ಹಳೆಯ ಮನೆಗಳ ಅಟ್ಟದಲ್ಲಿ ಈಗಲೂ ಕೆಲವು ಇದ್ದಾವು. ಸಂಘದ ಸದಸ್ಯರು ರದ್ದಿಗೆ ಹಾಕುವ ಮುಂಚೆ ಒಮ್ಮೆ ನಮಗೆ ತಿಳಿಸಿದರೆ, ಶಾಲೆಯ ಕಪಾಟಿನಲ್ಲಿ ಜಾಗವಿದೆ.

ಪತ್ತೇದಾರಿ ಪುಸ್ತಕಗಳನ್ನು ಶಾಲೆಯ ಪುಸ್ತಕಭಂಡಾರಕ್ಕೆ ತರಿಸಬಹುದೇ ಎಂಬ ಪ್ರಶ್ನೆ ಕಳೆದ ವರ್ಷ ನಮ್ಮ ಉಪಾಧ್ಯಾಯರ ಸಭೆಯಲ್ಲಿ ಬಂದಿತ್ತು. ಕೊಲೆಯ ಕತೆಗಳಿಂದ ಮಕ್ಕಳ ಮನಸ್ಸು ಕೆಡುವುದೆಂದು ಇಬ್ಬರು ಹಿರಿಯರು ವಾದಿಸಿದರು. ಅವರ ಮಾತನ್ನು ನಾವು ತಳ್ಳಿಹಾಕಲಿಲ್ಲ. ರಕ್ತವನ್ನೇ ಚೆಲ್ಲಿ ಓದಿಸುವ ಪುಸ್ತಕಗಳೂ ಇವೆ, ಅವು ಬೇಡ. ಚರ್ಚೆಯಾದ ಮೇಲೆ ಮೇಲೆ ಹೇಳಿದವುಗಳಲ್ಲಿ ಮೂರನ್ನು ತರಿಸಿದೆವು. ಮೂನ್‌ಸ್ಟೋನಿನ ಪ್ರತಿ ಕಪಾಟಿನಲ್ಲಿ ಇರುವ ದಿನಗಳೇ ಕಡಿಮೆ.

ಶ್ರೀರಂಗಪಟ್ಟಣದಿಂದ ಹೋದ ನಿಜವಾದ ವಸ್ತುಗಳ ಕತೆ ಮುಗಿದಿಲ್ಲ. ಸಿಪಾಯಿಯ ಮೇಲೆರಗಿದ ಮರದ ಹುಲಿ 1808ರಿಂದ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ನಿಂತಿತು. ಈಗಲೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಸಿಂಹಾಸನದ ಹುಲಿಯ ತಲೆ ವಿಂಡ್ಸರಿನ ಅರಮನೆಯಲ್ಲಿದೆ. ಸುಲ್ತಾನನ ಶಯನಗೃಹದಲ್ಲಿ ಸಿಕ್ಕಿ, ಸೈನ್ಯವು ಬೇರ್ಡನಿಗೆ ಕಾಣಿಕೆಯಾಗಿ ಕೊಟ್ಟ ಖಡ್ಗವು 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಈ ಸುದ್ದಿಯ ಪತ್ರಿಕಾ ತುಣುಕನ್ನು ನಾವು ಕಾದಂಬರಿಯ ಪ್ರತಿಯೊಳಗೇ ಅಂಟಿಸಿಟ್ಟಿದ್ದೇವೆ. ಕಾಲಿನ್ಸನ ಪೀಠಿಕೆಯ ಭಾಗವನ್ನು ನಮ್ಮ ಕನ್ನಡ ಪಂಡಿತರು ಮಕ್ಕಳಿಗಾಗಿ ಕನ್ನಡಕ್ಕೆ ತಿರುಗಿಸುತ್ತಿದ್ದಾರೆ. ಮುಗಿದರೆ, ಮುಂದಿನ ಪ್ರವಾಸಕ್ಕೆ ಬೆಳಗಿನ ಜಾವ ಕೆಲಮಂಗಲದಿಂದ ಹೊರಟು, ಆನೇಕಲ್ಲು, ಕನಕಪುರ, ಮಳವಳ್ಳಿಯ ಆ ಹಳೆಯ ದಾರಿಯಲ್ಲೇ ಹೋಗಿ, ಒಡೆದ ಕೋಟೆಗೋಡೆಯ ಬಳಿ ಕುಳಿತು ಅದನ್ನು ಓದಿಸಬೇಕೆಂದಿದ್ದೇವೆ.